ಲಂಗರ್ ಮನೆಯ ಈರುಳ್ಳಿ, ನಮ್ಮ ಯುಗಾದಿ ಟಿಕೆಟ್ಟು

ಲಂಡನ್ನಿನ ಸೌತಾಲ್ ಬಡಾವಣೆಯ ಗುರುದ್ವಾರಕ್ಕೆ ನಾನು ಮೊದಲ ಸಲ ಹೋದದ್ದು ಊಟಕ್ಕೆ. ಸುಳ್ಳು ಯಾಕೆ ಹೇಳಲಿ. ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಳು. ನಾಲ್ಕು ದಿನ ಬ್ರೆಡ್ಡು, ಮ್ಯಾಗಿ ತಿಂದು ನಾಲಿಗೆ ಸತ್ತಿತ್ತು. ಆಫೀಸಿನ ಪಂಜಾಬಿ ಗೆಳೆಯ 'ಭಾನುವಾರ ಬಾ, ದಾಲ್ ರೋಟಿ ಹೊಟ್ಟೆ ತುಂಬ ಸಿಗುತ್ತೆ' ಅಂದ. ಹೋದೆ. ಚಪ್ಪಲಿ ಬಿಟ್ಟೆ, ಬುಟ್ಟಿಯಲ್ಲಿದ್ದ ಕಿತ್ತಳೆ ಬಣ್ಣದ ಬಟ್ಟೆ ತಲೆಗೆ ಕಟ್ಟಿಕೊಂಡೆ, ನೆಲದ ಮೇಲೆ ಸಾಲಿನಲ್ಲಿ ಕೂತು ಚೆನ್ನಾಗಿ ಊಟ ಮಾಡಿದೆ. ತಟ್ಟೆ ಇಡಲು ಎದ್ದಾಗ ಗೆಳೆಯ 'ಅರ್ಧ ಗಂಟೆ ಇದೆಯಾ?' ಅಂತ ಕೇಳಿದ. ಉತ್ತರಕ್ಕೆ ಕಾಯದೆ ಒಳಗೆ ಎಳೆದುಕೊಂಡು ಹೋದ. ಐದು ನಿಮಿಷದಲ್ಲಿ ನನ್ನ ಮುಂದೆ ಒಂದು ಮೂಟೆ ಈರುಳ್ಳಿ, ಕೈಯಲ್ಲಿ ಚಾಕು.

ಎದುರಿಗೆ ಎಪ್ಪತ್ತು ದಾಟಿದ ಒಬ್ಬ ಬೀಬೀಜಿ (ಪಂಜಾಬಿಗಳು ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಕೂತಿದ್ದರು. ನಾನು ಒಂದು ಈರುಳ್ಳಿ ಹೆಚ್ಚುವಷ್ಟರಲ್ಲಿ ಅವರದು ನಾಲ್ಕು ಮುಗಿಯುತ್ತಿತ್ತು. 'ಯಾವ ಊರು ಪುತ್ತರ್?' ಅಂತ ಕೇಳಿದರು. ಬೆಂಗಳೂರು ಅಂದೆ. ಲಂಡನ್ನಿನಲ್ಲಿ 11 ವರ್ಷದಿಂದ ಇದೇ ಹೇಳಿಕೊಂಡು ಬಂದಿದ್ದೇನೆ. ಬೀದರ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕನ್ನಡದವರೇ ಕೆಲವರು 'ಅಲ್ಲಿ ಕನ್ನಡ ಮಾತಾಡ್ತಾರಾ?' ಅಂತ ಕೇಳಿದ್ದುಂಟು. ಆದರೆ ಅವರು ಬಿಡಲಿಲ್ಲ. 'ಬೆಂಗಳೂರೇನಾ?' ಅಂದರು. 'ಇಲ್ಲ, ಬೀದರ್ ಅಂತ ಒಂದು ಊರಿದೆ' ಅಂದೆ.

ಅವರ ಚಾಕು ನಿಂತಿತು. 'ಬೀದರ್? ನಾನಕ್ ಝೀರಾದ ಬೀದರ್?'

ಅಷ್ಟೇ. ಈರುಳ್ಳಿ ಕೈಯಲ್ಲೇ ನನ್ನ ಕೈ ಮುಟ್ಟಿ, ಹಣೆಗೆ ಒತ್ತಿಕೊಂಡರು. ಪಕ್ಕದವರಿಗೆಲ್ಲ ಕೂಗಿ ಹೇಳಿದರು. ನನಗೆ ಕಣ್ಣಲ್ಲಿ ನೀರು. ಈರುಳ್ಳಿಯದೇ ಇರಬಹುದು.

ಬೀದರಿನವರಿಗೆ ಝೀರಾ ಅಂದರೆ ಚಿಕ್ಕಂದಿನಿಂದ ನೋಡಿದ ಗುರುದ್ವಾರ. ಗುರುನಾನಕರು ನಮ್ಮ ಊರಿಗೆ ಬಂದಾಗ ಇಲ್ಲಿನ ನೀರು ಕುಡಿಯುವ ಹಾಗಿರಲಿಲ್ಲ. ಅವರು ಕಾಲಿಂದ ಒಂದು ಕಲ್ಲು ಸರಿಸಿದರು, ಸಿಹಿ ನೀರಿನ ಬುಗ್ಗೆ ಚಿಮ್ಮಿತು ಅನ್ನುವ ಕಥೆ. ರಜೆಯಲ್ಲಿ ಸೈಕಲ್ ತುಳಿದುಕೊಂಡು ಹೋಗಿ ನೀರು ಕುಡಿದು, ಊಟ ಮಾಡಿ ಬರುತ್ತಿದ್ದೆವು. ಅದು ಲಂಗರ್ ಅಂತ ಹೆಸರು ಗೊತ್ತಿತ್ತು. ಅದರ ಹಿಂದೆ ಏನಿದೆ ಅಂತ ಗೊತ್ತಿರಲಿಲ್ಲ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು 'ಯಾರು ತಲೆ ಕೊಡುತ್ತೀರಿ' ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ಬೀದರಿನ ಕ್ಷೌರಿಕರ ಮನೆಯವರು ಅಂತ ಸಿಖ್ ಪರಂಪರೆ ಹೇಳುತ್ತದೆ. ಮೊಘಲರ ವಿರುದ್ಧ ಮುಕ್ತಸರದ ಯುದ್ಧದಲ್ಲಿ ಹೋರಾಡಿದ ಹೆಣ್ಣುಮಗಳು ಮಾಯಿ ಭಾಗೋ ಕೊನೆಗೆ ನೆಲೆಸಿದ್ದು ಬೀದರ್ ಹತ್ತಿರದ ಜನವಾಡದಲ್ಲಿ. ಇದನ್ನೆಲ್ಲ ನನಗೆ ಹೇಳಿದ್ದು ಸೌತಾಲಿನ ಬೀಬೀಜಿ. ನಮ್ಮೂರಿನ ಬಗ್ಗೆ ನನಗಿಂತ ಅವರಿಗೆ ಜಾಸ್ತಿ ಗೊತ್ತಿತ್ತು. 1988ರ ಸೆಪ್ಟೆಂಬರ್ ಕೂಡ ಗೊತ್ತಿತ್ತು. ಆಗ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ಆಯಿತು, ಕೆಲವರು ಜೀವ ಕಳೆದುಕೊಂಡರು. ಅದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಂದಿನ ಈರುಳ್ಳಿ ತೆಗೆದುಕೊಂಡರು. ನಾನು ತಲೆ ಎತ್ತಲಿಲ್ಲ.

ಆಮೇಲೆ ತಿಂಗಳಿಗೆ ಒಂದೆರಡು ಸಲ ಹೋಗುವುದು ಅಭ್ಯಾಸವಾಯಿತು. ಭಕ್ತಿಗಿಂತ ಕುತೂಹಲ ಜಾಸ್ತಿ. ಇಷ್ಟೊಂದು ಜನಕ್ಕೆ ದಿನವೂ ಪುಕ್ಕಟೆ ಊಟ ಹಾಕುವುದು ಹೇಗೆ ಅನ್ನೋದು ನನ್ನ ಪ್ರಶ್ನೆ. ನಾವು ಕನ್ನಡ ಕೂಟದವರು ವರ್ಷಕ್ಕೆ ಎರಡು ಸಲ ಊಟ ಹಾಕಿಸಿ ಸುಸ್ತಾಗುವವರು.

ಗುರು ಸಿಂಗ್ ಸಭಾದ ಈ ಗುರುದ್ವಾರ ಇರುವುದು ಹ್ಯಾವ್‌ಲಾಕ್ ರಸ್ತೆಯಲ್ಲಿ. ಅದರ ಒಂದು ಭಾಗಕ್ಕೆ ಈಗ ಗುರುನಾನಕ್ ರಸ್ತೆ ಅಂತಲೇ ಹೆಸರು. 1857ರಲ್ಲಿ ನಮ್ಮ ಸಿಪಾಯಿಗಳ ಮೇಲೆ ದಂಡೆತ್ತಿ ಹೋದ ಜನರಲ್ ಹ್ಯಾವ್‌ಲಾಕ್ ಹೆಸರು ತೆಗೆದು ನಾನಕರ ಹೆಸರು ಇಟ್ಟರು. ಈಗಿನ ಕಟ್ಟಡ ತೆರೆದದ್ದು 2003ರಲ್ಲಿ. ಆದ ಖರ್ಚು 1.7 ಕೋಟಿ ಪೌಂಡ್ ಆಸುಪಾಸು. ಯಾವ ಮಹಾರಾಜನೂ ಕೊಟ್ಟದ್ದಲ್ಲ, ಸರಕಾರವೂ ಕೊಟ್ಟದ್ದಲ್ಲ. ಊರಿನ ಸಂಗತ್, ಅಂದರೆ ಗುರುದ್ವಾರಕ್ಕೆ ಬರುವ ಜನ, ಕೊಟ್ಟಿದ್ದು. ಮೊದಲು ಹೀಗಿರಲಿಲ್ಲ ಅನ್ನಿ. ಇಂಗ್ಲೆಂಡಿನ ಮೊದಲ ಗುರುದ್ವಾರ 1911ರಲ್ಲಿ ಪಟ್ನಿಯ ಬಾಡಿಗೆ ಮನೆಯಲ್ಲಿ ಶುರುವಾಯಿತು. 1913ರಲ್ಲಿ ಶೆಫರ್ಡ್ಸ್ ಬುಷ್‌ಗೆ ಹೋದಾಗ ಪಟಿಯಾಲದ ಮಹಾರಾಜರ ಹಣ ಬಂದಿತ್ತು. ಅಲ್ಲಿಂದ ಸೌತಾಲಿನ ಕಟ್ಟಡಕ್ಕೆ ಬರುವಷ್ಟರಲ್ಲಿ ಕೊಡುವ ಕೈಗಳೇ ಬದಲಾಗಿದ್ದವು. ರಬ್ಬರ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿದವರು, ಹೀಥ್ರೂ ವಿಮಾನ ನಿಲ್ದಾಣದಲ್ಲಿ ನೆಲ ಒರೆಸಿದವರು, ವಿಮಾನದ ಊಟದ ಟ್ರೇ ಜೋಡಿಸಿದ ಹೆಂಗಸರು, ಬಸ್ ಓಡಿಸಿದವರು. ನಮ್ಮ ಬೀಬೀಜಿ 26 ವರ್ಷ ವಿಮಾನ ನಿಲ್ದಾಣದ ಲಾಂಡ್ರಿಯಲ್ಲಿ ಕೆಲಸ ಮಾಡಿದವರು. ಕಟ್ಟಡಕ್ಕೆ ತಮ್ಮ ಎರಡು ಬಳೆ ಕೊಟ್ಟಿದ್ದಾರೆ. ಇದನ್ನು ಅವರು ಹೇಳಲಿಲ್ಲ, ಅವರ ಸೊಸೆ ಹೇಳಿದಳು.

ಅಡುಗೆಮನೆಯ ಲೆಕ್ಕ ನೋಡಬೇಕು. ಬಾಗಿಲ ಹತ್ತಿರ ಹಿಟ್ಟಿನ ಮೂಟೆ, ಎಣ್ಣೆ ಡಬ್ಬ, ಹಾಲಿನ ಕ್ಯಾನು ಸಾಲಾಗಿ ಇರುತ್ತವೆ. ಯಾರು ತಂದರು ಅಂತ ಹೆಸರಿಲ್ಲ. ಒಬ್ಬ ಅಜ್ಜ ಪ್ರತಿ ವಾರ ಎರಡು ಲೀಟರ್ ಹಾಲು ತಂದು ಇಡುತ್ತಾರೆ. ಎರಡೇ ಲೀಟರ್. ಸಾವಿರಾರು ಜನ ಉಣ್ಣುವ ಕಡೆ ಎರಡು ಲೀಟರ್ ಹಾಲು ಯಾವ ಮೂಲೆಗೆ? ಆದರೆ ಅದನ್ನು ಯಾರೂ ಬೇಡ ಅನ್ನುವುದಿಲ್ಲ. ನೇರ ದೊಡ್ಡ ಪಾತ್ರೆಗೆ ಸುರಿಯುತ್ತಾರೆ. ಕೌಂಟರಿನಲ್ಲಿ 5 ಪೌಂಡ್ ಕೊಟ್ಟರೂ ರಸೀದಿ ಬರೆಯುತ್ತಾರೆ. ಬರೆಯುವವರು ಪಿನ್‌ಕೋಡ್ ಕೇಳುತ್ತಾರೆ. ನೀವು ಇಲ್ಲಿ ತೆರಿಗೆ ಕಟ್ಟುವವರಾದರೆ ನಿಮ್ಮ ಒಂದು ಪೌಂಡಿನ ಮೇಲೆ ಸರಕಾರ ಇನ್ನೂ 25 ಪೆನ್ಸ್ ಸೇರಿಸಿ ಕೊಡುತ್ತದೆ. ಗಿಫ್ಟ್ ಏಡ್ ಅಂತಾರೆ. ಪಂಜಾಬಿ ಬಿಟ್ಟು ಬೇರೆ ಭಾಷೆ ಓದಲು ಬಾರದ ಅಜ್ಜಿಗೂ ಗಿಫ್ಟ್ ಏಡ್ ಗೊತ್ತು. ನಮ್ಮ ಕೂಟದ ಎಂಬಿಎಗಳಿಗೆ ಅದರ ಫಾರ್ಮ್ ತುಂಬಿಸುವಷ್ಟು ಪುರುಸೊತ್ತು ಇಲ್ಲ.

ಸಿಖ್ಖರಲ್ಲಿ ದಸವಂಧ್ ಅಂತ ಇದೆ. ದುಡಿದದ್ದರಲ್ಲಿ ಹತ್ತನೇ ಒಂದು ಭಾಗ ಹಂಚಬೇಕು. ಎಲ್ಲರೂ ತಪ್ಪದೆ ಕೊಡುತ್ತಾರೆ ಅಂತ ನಾನು ನಂಬುವುದಿಲ್ಲ, ಅವರೂ ಹಾಗೆ ಹೇಳುವುದಿಲ್ಲ. ಆದರೆ ಆ ಮಾತು ಮನೆಯಲ್ಲಿ ಇದೆ. ಮೊದಲ ಸಂಬಳ ಬಂದ ಹುಡುಗಿಗೆ ಅವಳ ತಾಯಿ ಅದನ್ನು ನೆನಪಿಸುತ್ತಾಳೆ. ದುಡ್ಡಿಲ್ಲದವನು ಚಪ್ಪಲಿ ಜೋಡಿಸುತ್ತಾನೆ, ತಟ್ಟೆ ತೊಳೆಯುತ್ತಾನೆ. ದುಡ್ಡಿರುವವನೂ ತೊಳೆಯುತ್ತಾನೆ. ನನ್ನ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದ ಮನುಷ್ಯನ ಹತ್ತಿರ ಮೂರು ಪೆಟ್ರೋಲ್ ಬಂಕ್ ಇವೆ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಇಲ್ಲಿ ನಮ್ಮ ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಕನ್ನಡ ಕೂಟದ ಯುಗಾದಿ. ಕುಟುಂಬಕ್ಕೆ ಇಷ್ಟು, ಒಬ್ಬರಿಗೆ ಇಷ್ಟು ಅಂತ ಟಿಕೆಟ್ಟು. ಬಾಡಿಗೆ ಸಭಾಂಗಣ, ಬಾಡಿಗೆ ಮೈಕು, ಹೊರಗಿಂದ ತರಿಸಿದ ಊಟ. ಟಿಕೆಟ್ ಕೊಂಡವರ ಕೈಗೆ ಹಳದಿ ಕಾಗದದ ಪಟ್ಟಿ. ಊಟದ ಬಾಗಿಲಲ್ಲಿ ಪಟ್ಟಿ ನೋಡಿ ಬಿಡುವ ಕೆಲಸ ನನಗೆ ಕೊಟ್ಟಿದ್ದರು. ಒಬ್ಬ ಹುಡುಗ ಬಂದ. ರಾಯಚೂರು ಕಡೆಯವನು, ಎಂಎಸ್ಸಿ ಓದಲು ಬಂದು ಎರಡು ತಿಂಗಳಾಗಿತ್ತು. ಫೇಸ್‌ಬುಕ್ಕಿನಲ್ಲಿ 'ಎಲ್ಲರಿಗೂ ಸ್ವಾಗತ' ಅಂತ ಓದಿ ಬಂದಿದ್ದ. ಕೈಯಲ್ಲಿ ಪಟ್ಟಿ ಇರಲಿಲ್ಲ. ನಾನು 'ಊಟ ಲೆಕ್ಕ ಹಾಕಿ ಹೇಳಿದ್ದೀವಪ್ಪ, ಎಲ್ಲರದೂ ಆಗಲಿ, ಉಳಿದರೆ ನೋಡೋಣ' ಅಂದೆ. ಅವನು 'ಇರ್ಲಿ ಸರ್' ಅಂದ. ಸ್ವಲ್ಪ ಹೊತ್ತು ಗೋಡೆ ಹತ್ತಿರ ನಿಂತ. ಆಮೇಲೆ ನೋಡಿದರೆ ಇರಲಿಲ್ಲ. ಅವತ್ತು ಒಂದು ದೊಡ್ಡ ಪಾತ್ರೆ ಬಿಸಿಬೇಳೆಬಾತು ಉಳಿಯಿತು. ಡಬ್ಬಿಗಳಲ್ಲಿ ತುಂಬಿಕೊಂಡು ಮನೆಗೆ ಹೋದೆವು.

ಅದೇ ಹುಡುಗ ಆಮೇಲೆ ಗುರುದ್ವಾರದಲ್ಲಿ ಸಿಕ್ಕ. ವಾರಕ್ಕೆ ಮೂರು ಸಲ ಅಲ್ಲೇ ಊಟ ಅಂತೆ. ನಮ್ಮ ದೇಶದಿಂದ ಓದಲು ಬರುವ ಎಷ್ಟೋ ಹುಡುಗರ ಹೊಟ್ಟೆ ಇಲ್ಲಿ ಲಂಗರಿನಿಂದಲೇ ತುಂಬುತ್ತಿದೆ. ನನ್ನ ಗುರುತು ಹಿಡಿದು 'ನಮಸ್ಕಾರ ಸರ್' ಅಂದ. ಅವನ ಮುಖದಲ್ಲಿ ಬೇಜಾರೇನೂ ಇರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ನಾವು ಜಿಪುಣರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ನನಗೆ ಗೊತ್ತಿರುವ ಕನ್ನಡದ ಡಾಕ್ಟರುಗಳು ರಜೆ ಹಾಕಿ ಊರಿಗೆ ಹೋಗಿ ಕಣ್ಣಿನ ಶಿಬಿರ ಮಾಡಿ ಬರುತ್ತಾರೆ. ಒಬ್ಬರು ತಮ್ಮ ಹಳ್ಳಿಯ ಹದಿನಾಲ್ಕು ಮಕ್ಕಳ ಫೀಸು ಕಟ್ಟುತ್ತಾರೆ, ಅವರ ಹೆಂಡತಿಗೂ ಪೂರ್ತಿ ಲೆಕ್ಕ ಗೊತ್ತಿಲ್ಲ. ಆದರೆ ಎಲ್ಲವೂ ಒಬ್ಬೊಬ್ಬರದೇ. ಅವರು ಊರಿಗೆ ಹೋಗುವುದು ನಿಂತರೆ ಶಿಬಿರವೂ ನಿಂತಿತು. ನಾಲ್ಕು ಜನ ಸೇರಿ ಮಾಡೋಣ ಅಂದರೆ ಮೊದಲು ವೇದಿಕೆ ಬೇಕು, ಬ್ಯಾನರ್ ಬೇಕು, ಊರಿಂದ ಒಬ್ಬ ಮುಖ್ಯ ಅತಿಥಿ ಬೇಕು, ಶಾಲು ಬೇಕು, ಹಣ್ಣಿನ ಬುಟ್ಟಿ ಬೇಕು. ನಮ್ಮಲ್ಲಿ ಕೊಟ್ಟವನಿಗೆ ಕುರ್ಚಿ ಹಾಕುತ್ತೇವೆ. ಅವರು ಕೊಟ್ಟವನಿಗೆ ಕೆಲಸ ಹಚ್ಚುತ್ತಾರೆ. ನನಗೆ ಕಂಡ ವ್ಯತ್ಯಾಸ ಇಷ್ಟೇ. ಆದರೆ ಈ ಸಣ್ಣ ವ್ಯತ್ಯಾಸದಿಂದ ಎಷ್ಟೆಲ್ಲ ಬದಲಾಗುತ್ತದೆ ನೋಡಿ.

ಶಾಲೆಯನ್ನೇ ತೆಗೆದುಕೊಳ್ಳಿ. ಸೌತಾಲಿನ ಪಕ್ಕದ ಹೇಯ್ಸ್‌ನಲ್ಲಿ 1993ರಲ್ಲಿ ಗುರುನಾನಕ್ ಶಾಲೆ ಶುರುವಾಯಿತು. ಮೊದಲು ಸಮುದಾಯದ ದುಡ್ಡಿನ ಖಾಸಗಿ ಶಾಲೆ. 1999ರಲ್ಲಿ ಸರಕಾರದ ಅನುದಾನಕ್ಕೆ ಬಂತು. ಬ್ರಿಟನ್ನಿನಲ್ಲಿ ಸರಕಾರಿ ಅನುದಾನ ಸಿಕ್ಕ ಮೊದಲ ಸಿಖ್ ಶಾಲೆ ಅದು. ಅಂದರೆ ಈಗ ಮಕ್ಕಳಿಗೆ ಫೀಸಿಲ್ಲ, ಮೇಷ್ಟ್ರ ಸಂಬಳ ಸರಕಾರದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಷ್ಕಾಮ್ ಸೇವಕ್ ಜತ್ಥಾದವರು 2011ರಲ್ಲಿ ಪ್ರೈಮರಿ, 2012ರಲ್ಲಿ ಹೈಸ್ಕೂಲು ತೆರೆದರು. ಅಲ್ಲಿನವರಲ್ಲಿ ಕೀನ್ಯಾದಿಂದ ಬಂದ ಮನೆತನಗಳು ಬಹಳ. ಎರಡು ಸಲ ಊರು ಬಿಟ್ಟವರು. ಅನುದಾನ ಅಂದ ಕೂಡಲೇ ಸುಲಭ ಅನ್ನಿಸುತ್ತೆ. ಹೇಯ್ಸ್‌ನ ಶಾಲೆಗೆ ಮೊದಲ ಆರು ವರ್ಷ ಸ್ವಂತ ದುಡ್ಡಿನಲ್ಲಿ ನಡೆಸಿ ತೋರಿಸಿದ ಮೇಲೆ ಬಂದ ಅನುದಾನ ಅದು.

ಇಲ್ಲಿ ಹತ್ತನೇ ಕ್ಲಾಸಿನ ಮಟ್ಟದ ಪರೀಕ್ಷೆಗೆ ಜಿಸಿಎಸ್‌ಇ ಅಂತಾರೆ. ಅದರಲ್ಲಿ ಪಂಜಾಬಿ ಒಂದು ವಿಷಯ. ಗುಜರಾತಿ ಇದೆ, ಬಂಗಾಳಿ ಇದೆ, ಉರ್ದು ಇದೆ. ಪಂಜಾಬಿ ಕಲಿತ ಮಗುವಿಗೆ ಅಂಕಪಟ್ಟಿಯಲ್ಲಿ ಒಂದು ಸಾಲು ಜಾಸ್ತಿ ಬರುತ್ತದೆ. ಕೆಲವು ವರ್ಷದ ಹಿಂದೆ ಪರೀಕ್ಷಾ ಮಂಡಳಿಗಳು ಇಂಥ ಸಣ್ಣ ಭಾಷೆಗಳನ್ನು ಕೈಬಿಡಲು ಹೊರಟಿದ್ದವು. ಜನ ಗಲಾಟೆ ಮಾಡಿ ಉಳಿಸಿಕೊಂಡರು. ಕನ್ನಡ ಆ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಕೈಬಿಡುವ ಪ್ರಶ್ನೆಯೂ ಬರಲಿಲ್ಲ! ನನ್ನ ಮಗಳು ಶನಿವಾರ ಜೂಮ್‌ನಲ್ಲಿ ಕನ್ನಡ ಕಲಿಯುತ್ತಾಳೆ. ಕಲಿಸುವ ಹೆಣ್ಣುಮಗಳು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಅವರಿಗೆ ಕೈ ಮುಗಿಯಬೇಕು. ಆದರೆ ಕ್ಯಾಮೆರಾ ಆಫ್ ಮಾಡಿ ಮಗಳು ಗೇಮ್ ಆಡುತ್ತಿರುತ್ತಾಳೆ. ಗುರುದ್ವಾರದ ಪಂಜಾಬಿ ಕ್ಲಾಸಿನಲ್ಲಿ ಮಕ್ಕಳು ಪಾಠ ಮುಗಿಸಿ ಕೆಳಗೆ ಓಡಿ ಬಂದು ನೀರಿನ ಜಗ್ಗು ಹಿಡಿದು ಸಾಲಿನಲ್ಲಿ ಬಡಿಸುತ್ತವೆ. ಕಲಿತ ಭಾಷೆ ಅರ್ಧ ಗಂಟೆಯಲ್ಲೇ ಬಳಕೆಗೆ ಬರುತ್ತದೆ. 'ಜಲ್ ಜೀ, ಜಲ್ ಜೀ' ಅಂತ ಆರು ವರ್ಷದ ಪುಟ್ಟ ಪಗಡಿ ಓಡಾಡುವುದನ್ನು ನೋಡಬೇಕು ನೀವು.

ಊರಿಗೆ ಕಳಿಸುವ ದುಡ್ಡಿನಲ್ಲೂ ಈ ಗುಣ ಕಾಣುತ್ತದೆ. ಇದು ನಿನ್ನೆ ಮೊನ್ನೆಯದಲ್ಲ. ಫಿರೋಜ್‌ಪುರದಲ್ಲಿ ಭಾಯಿ ತಖ್ತ್ ಸಿಂಗ್ ಅನ್ನುವವರು 1892ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು. ಹಾಸ್ಟೆಲ್ಲಿಗೆ ದುಡ್ಡು ಸಾಲದಾದಾಗ ಹಡಗು ಹತ್ತಿ ಮಲಯ, ಸಿಂಗಾಪುರದ ಕಡೆ ಚಂದಾ ಎತ್ತಲು ಹೋದರು. ಆ ಕಾಲದಲ್ಲಿ ಅಲ್ಲಿದ್ದ ಸಿಖ್ಖರು ಹೆಚ್ಚಾಗಿ ಪೊಲೀಸರು, ಕಾವಲುಗಾರರು. ಬ್ಯಾಂಕಿನ ಬಾಗಿಲು ಕಾಯುವವನು ಊರಿನ ಹುಡುಗಿ ಓದಲಿ ಅಂತ ಕೊಟ್ಟ ದುಡ್ಡು ಅದು.

ಈಚಿನದು ಢಾಹಾಂ ಕಲೇರಾಂ. ಪಂಜಾಬಿನ ಶಹೀದ್ ಭಗತ್ ಸಿಂಗ್ ನಗರ (ಹಿಂದಿನ ನವಾಂಶಹರ್) ಜಿಲ್ಲೆಯ ಬಂಗಾ ಹತ್ತಿರದ ಹಳ್ಳಿ. ಕೆನಡಾಕ್ಕೆ ಹೋಗಿದ್ದ ಬುಧ್ ಸಿಂಗ್ ಢಾಹಾಂ 70ರ ದಶಕದ ಕೊನೆಯಲ್ಲಿ ಊರಿಗೆ ವಾಪಸು ಬಂದು ಗುರುನಾನಕ್ ಮಿಶನ್ ಟ್ರಸ್ಟ್ ಮಾಡಿದರು. ಕೆನಡಾದ ಸಿಖ್ಖರ ದುಡ್ಡಿನಿಂದ ಹಳ್ಳಿಯಲ್ಲಿ ಆಸ್ಪತ್ರೆ ಎದ್ದಿತು. ಆಮೇಲೆ ಶಾಲೆ, ಆಮೇಲೆ ನರ್ಸಿಂಗ್ ಕಾಲೇಜು. ನರ್ಸಿಂಗ್ ಕಾಲೇಜಿಗೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ನಂಟು ಮಾಡಿಕೊಂಡರು. ನನಗೆ ಇಷ್ಟವಾದದ್ದು ಈ ಮೂರನೇ ಹೆಜ್ಜೆ. ಆಸ್ಪತ್ರೆ ಕಟ್ಟುವವರು ಬೇಕಾದಷ್ಟು ಜನ. ಅದರಲ್ಲಿ ಕೆಲಸ ಮಾಡುವವರು ಎಲ್ಲಿಂದ ಬರಬೇಕು ಅಂತ ಕೇಳಿಕೊಂಡವರು ಕಡಿಮೆ. ಸುತ್ತಲ ಹಳ್ಳಿಯ ಹುಡುಗಿಯರನ್ನೇ ಓದಿಸಿ ನರ್ಸ್ ಮಾಡಿದರು.

ಇದನ್ನು ಓದಿದಾಗ ನನ್ನ ಸ್ಮಾರ್ಟ್ ಬೋರ್ಡ್ ನೆನಪಾಯಿತು. ನಾವು ಐದು ಜನ ಗೆಳೆಯರು ಸೇರಿ ನಾವು ಓದಿದ ಶಾಲೆಗೆ ಒಂದು ಸ್ಮಾರ್ಟ್ ಬೋರ್ಡ್ ಕೊಡಿಸಿದ್ದೆವು. ಕಾರ್ಯಕ್ರಮ ಆಯಿತು, ನನಗೂ ಶಾಲು ಹೊದಿಸಿದರು. ಎರಡು ವರ್ಷ ಬಿಟ್ಟು ಹೋಗಿ ನೋಡಿದರೆ ಬೋರ್ಡಿಗೆ ಹೂವಿನ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದಾರೆ. 'ಧೂಳು ಹಿಡೀಬಾರದು ಅಂತ ಸರ್' ಅಂದರು. ಒಂದು ತಂತಿ ಕೆಟ್ಟಿತ್ತು, ಅಷ್ಟೇ. ರಿಪೇರಿಗೆ ಯಾರ ಹತ್ತಿರವೂ ದುಡ್ಡಿರಲಿಲ್ಲ, ಹೇಳಲು ಯಾರ ನಂಬರೂ ಇರಲಿಲ್ಲ. ತಪ್ಪು ಶಾಲೆಯದಲ್ಲ. ಬೋರ್ಡ್ ಕೊಟ್ಟೆವು, ಅದನ್ನು ನೋಡಿಕೊಳ್ಳುವವರನ್ನು ಕೊಡಲಿಲ್ಲ.

ಪಂಜಾಬಿಗಳೂ ಇಂಥ ಎಡವಟ್ಟು ಮಾಡದವರಲ್ಲ. ಜಲಂಧರದ ಕಡೆ ಹಳ್ಳಿಗಳಲ್ಲಿ ಮನೆ ಮೇಲಿನ ನೀರಿನ ಟ್ಯಾಂಕನ್ನು ವಿಮಾನದ ಆಕಾರದಲ್ಲಿ ಕಟ್ಟಿಸಿದ್ದಾರೆ, ಫುಟ್‌ಬಾಲ್ ಆಕಾರದಲ್ಲಿ ಕಟ್ಟಿಸಿದ್ದಾರೆ. ಮನೆಗೆ ಬೀಗ, ಟ್ಯಾಂಕಿನಲ್ಲಿ ನೀರಿಲ್ಲ. ತಂದೆಯ ಹೆಸರಲ್ಲಿ ಊರಬಾಗಿಲು ಕಟ್ಟಿಸುವುದು ಇನ್ನೊಂದು ಖಯಾಲಿ. ನನ್ನ ಗೆಳೆಯನ ಊರಲ್ಲಿ ದೊಡ್ಡ ಬಾಗಿಲಿದೆ, ಅದರ ಒಳಗೆ ರಸ್ತೆ ಇಲ್ಲ. ಅವನೇ ನಕ್ಕು ಹೇಳಿದ್ದು. ಗುರುದ್ವಾರದ ಕಮಿಟಿ ಚುನಾವಣೆಗಳಂತೂ ನಮ್ಮ ಜಿಲ್ಲಾ ಪಂಚಾಯ್ತಿ ಚುನಾವಣೆಯನ್ನು ಮೀರಿಸುತ್ತವೆ. ಗುಂಪು, ಪೋಸ್ಟರು, ಕೋರ್ಟು, ಎಲ್ಲವೂ ಉಂಟು. ಜಾತಿ ಬೇಡ ಅಂತಲೇ ಹುಟ್ಟಿದ ಪಂಕ್ತಿಯೂಟ. ಆದರೂ ರಾಮಗಢಿಯಾ ಗುರುದ್ವಾರ ಬೇರೆ, ರವಿದಾಸಿಯಾ ಗುಡಿ ಬೇರೆ. ಈ ಮಾತು ಎತ್ತಿದರೆ ಬೀಬೀಜಿ ಕೂಡ ಸುಮ್ನೆ ಆಗುತ್ತಾರೆ. ನಮಗೂ ಇದು ಹೊಸದಲ್ಲ ಅಲ್ವಾ. ನಮ್ಮ ವಾಟ್ಸಾಪ್ ಗುಂಪುಗಳು ಯಾಕೆ ಎರಡು, ಮೂರು ಆಗುತ್ತವೆ ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಈ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಿಖ್ಖರು 5.24 ಲಕ್ಷ. ಹೊರಗಿನವರು ಮನೆ ಬಾಡಿಗೆಗೆ ಕೊಡದ ಕಾಲದಲ್ಲಿ ಒಂದೇ ಬೀದಿಯಲ್ಲಿ, ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗಿ ಬದುಕಿದವರು. ಒಟ್ಟಿಗೆ ಇರದೆ ಅವರಿಗೆ ಗತಿ ಇರಲಿಲ್ಲ. ನಾವು ಬಂದದ್ದು ಲ್ಯಾಪ್‌ಟಾಪ್ ಹಿಡಿದು, ಇಲ್ಲ ಸ್ಟೆತಸ್ಕೋಪ್ ಹಿಡಿದು. ಕೆಲಸ ಇದ್ದ ಕಡೆ ಮನೆ ಮಾಡಿದೆವು. ರೆಡಿಂಗ್‌ನಲ್ಲಿ ನಾಲ್ಕು ಮನೆ, ಮಿಲ್ಟನ್ ಕೀನ್ಸ್‌ನಲ್ಲಿ ಆರು ಮನೆ. ನಮಗೆ ಯಾರ ಹಂಗೂ ಬೇಕಾಗಲಿಲ್ಲ. ಅದು ನಮ್ಮ ಅದೃಷ್ಟ, ಅದೇ ನಮ್ಮ ಬಡತನ ಕೂಡ ಅಂತ ಈಚೆಗೆ ಅನ್ನಿಸುತ್ತಿದೆ.

ಅಡುಗೆಮನೆ ಗಟ್ಟಿ ಇದ್ದರೆ ಅದನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. 1999ರಲ್ಲಿ ಕೊಸೊವೊ ಯುದ್ಧದ ನಿರಾಶ್ರಿತರನ್ನು ಟಿವಿಯಲ್ಲಿ ನೋಡಿ ರವಿ ಸಿಂಗ್ ಅನ್ನುವವರು ಗುರುದ್ವಾರಗಳಲ್ಲಿ ಸಾಮಾನು ಕೂಡಿಸಿ ಲಾರಿಗೆ ಹೇರಿಕೊಂಡು ಹೋದರು. ಖಾಲ್ಸಾ ಏಡ್ ಶುರುವಾಗಿದ್ದು ಹಾಗೆ. 2018ರ ಕೇರಳದ ನೆರೆಯಲ್ಲಿ ಅವರು ಕೊಚ್ಚಿಯಲ್ಲಿ ಲಂಗರ್ ಹಾಕಿದರು. 2020ರ ಡಿಸೆಂಬರಿನಲ್ಲಿ ಕೊರೊನಾ ಅಂತ ಫ್ರಾನ್ಸ್ ಗಡಿ ಮುಚ್ಚಿತು. ಕೆಂಟ್‌ನ ಹೆದ್ದಾರಿಯಲ್ಲಿ ಸಾವಿರಾರು ಲಾರಿ ನಿಂತವು. ಕ್ರಿಸ್‌ಮಸ್ ಮುಂದಿದೆ, ಡ್ರೈವರುಗಳಿಗೆ ಅನ್ನವಿಲ್ಲ, ನೀರಿಲ್ಲ. ಗ್ರೇವ್ಸೆಂಡ್‌ನ ಗುರುನಾನಕ್ ದರ್ಬಾರ್ ಗುರುದ್ವಾರದಲ್ಲಿ ರಾತ್ರೋರಾತ್ರಿ ಕಡಲೆ ಪಲ್ಯ, ಅನ್ನ ಬೇಯಿಸಿ ನೂರಾರು ಪೊಟ್ಟಣ ಕಟ್ಟಿ ಕೊಟ್ಟರು. ಡ್ರೈವರುಗಳಲ್ಲಿ ಹೆಚ್ಚಿನವರು ಪೂರ್ವ ಯೂರೋಪಿನವರು. ಚನ್ನಾ ಅಂದರೇನು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ನನಗೆ ಇದರಲ್ಲಿ ಕಂಡದ್ದು ಬೇರೆ. ಯಾರೂ ಹೊಸದಾಗಿ ಸಮಿತಿ ಮಾಡಲಿಲ್ಲ. ಪಾತ್ರೆ ಇತ್ತು, ಒಲೆ ಇತ್ತು, ಐನೂರು ಜನಕ್ಕೆ ಎಷ್ಟು ಉಪ್ಪು ಅಂತ ಗೊತ್ತಿದ್ದ ಹೆಂಗಸರು ಇದ್ದರು.

ನಮ್ಮಲ್ಲಿ ಇದಿಲ್ಲವಾ? ಬೀದರ್ ಜಿಲ್ಲೆಯವನಾಗಿ ನಾನು ಇಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ಬೀಬೀಜಿ ನನಗೆ ಅವರ ಧರ್ಮದ ಮೂರು ಮಾತು ಹೇಳಿಕೊಟ್ಟಿದ್ದರು. ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ದೇವರ ನೆನೆ, ದುಡಿದು ತಿನ್ನು, ಹಂಚಿ ತಿನ್ನು. ನಾನು 'ನಮ್ಮ ಕಡೆ ಕಾಯಕ, ದಾಸೋಹ ಅಂತಾರೆ' ಅಂದೆ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, 12ನೇ ಶತಮಾನ, ನಾನಕರಿಗಿಂತ ಮುನ್ನೂರು ವರ್ಷ ಹಿಂದೆ ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. 'ಹಾಗಾದರೆ ನಿಮ್ಮ ಲಂಗರ್ ಲಂಡನ್ನಿನಲ್ಲಿ ಎಲ್ಲಿದೆ?' ಅಂದರು. ಕುಹಕ ಇರಲಿಲ್ಲ. ವಿಳಾಸ ಕೇಳಿದ್ದರು ಅಷ್ಟೇ.

ಏನು ಹೇಳಲಿ? ಸಿದ್ಧಗಂಗೆಯಲ್ಲಿ ಎಂಟು ಹತ್ತು ಸಾವಿರ ಮಕ್ಕಳು ಉಂಡು ಓದುತ್ತಾರೆ ಅಂದೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಹೇಳಿದೆ. ನಮ್ಮಜ್ಜಿ ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಜೋಳ ಮಠದ ಡಬ್ಬಕ್ಕೆ ತೆಗೆದಿಡುತ್ತಿದ್ದಳು, ಅದನ್ನೂ ಹೇಳಿದೆ. ಎಲ್ಲ ನಿಜವೇ. ಆದರೆ ಎಲ್ಲ ಅಲ್ಲಿಯದೇ. ಲಂಡನ್ನಿನಲ್ಲಿ ನಮ್ಮದು ಅಂತ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಮೂರ್ತಿ ಇದೆ. 2015ರಲ್ಲಿ ಪ್ರಧಾನಿ ಬಂದು ಅನಾವರಣ ಮಾಡಿದ್ದು. ಎದುರಿಗೆ ನದಿ, ಆಚೆ ದಡದಲ್ಲಿ ಪಾರ್ಲಿಮೆಂಟು. ನೋಡಿದರೆ ಎದೆ ಉಬ್ಬುತ್ತದೆ. ಹೋದ ಬಸವ ಜಯಂತಿಗೆ ನಾವು ಮೂವರು ಹೋಗಿ ಹಾರ ಹಾಕಿದೆವು, ಫೋಟೋ ತೆಗೆದೆವು. ಮಗಳು ಹಸಿವು ಅಂದಳು. ಹೋಟೆಲ್ ಹುಡುಕಿಕೊಂಡು ವಾಟರ್‌ಲೂ ಕಡೆ ನಡೆದೆವು. ಸೇತುವೆ ಕೆಳಗೆ ಒಬ್ಬ ಮನುಷ್ಯ ರಟ್ಟಿನ ಮೇಲೆ ಮಲಗಿದ್ದ. ಮಗಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮೊಬೈಲಿನಲ್ಲಿ ಮ್ಯಾಪ್ ನೋಡುತ್ತಿದ್ದೆ.

ಈ ಸಲ ಬಸವ ಜಯಂತಿಯ ಹತ್ತಿರದ ಭಾನುವಾರ ಒಂದು ಹೊತ್ತಿನ ಲಂಗರ್ ನಮ್ಮ ಕಡೆಯಿಂದ ಆಗಲಿ ಅಂತ ಕೇಳಿಕೊಂಡು ಗುರುದ್ವಾರದ ಆಫೀಸಿಗೆ ಹೋದೆ. ಹೋಗುವ ಮುಂಚೆ ನಮ್ಮ ಗುಂಪಿನಲ್ಲಿ ಹಾಕಿದ್ದೆ. ನಲವತ್ತೆರಡು ಜನ ಹೆಬ್ಬೆಟ್ಟು ಎತ್ತಿದರು. ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಯಾರು ಬರ್ತೀರಿ ಅಂತ ಕೇಳಿದ್ದಕ್ಕೆ ನಾಲ್ಕು ಜನ ಹ್ಞೂಂ ಅಂದರು. ಉಳಿದವರು ಹೆಸರಿನ ಬಗ್ಗೆ ಮಾತು ಶುರು ಮಾಡಿದರು. ಕರ್ನಾಟಕ ಅಂತ ಇರಲೋ, ಕನ್ನಡಿಗರು ಅಂತ ಇರಲೋ, ಬಸವ ಅಂದರೆ ಒಂದೇ ಸಮಾಜದವರದು ಅನ್ನಿಸುತ್ತಾ, ಬ್ಯಾನರ್ ಕಟ್ಟಲು ಬಿಡ್ತಾರಾ, ಬಾವುಟದ ಬಣ್ಣ ಸರಿಯಾಗಿ ಬರುತ್ತಾ. ಎರಡು ದಿನ ನಡೆಯಿತು. ಜೋಳದ ರೊಟ್ಟಿ ಬಡಿಯುತ್ತೀವಿ ಅಂತ ನನ್ನ ಹೆಂಡತಿ ಬೀಬೀಜಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದಾಳೆ. ಎಷ್ಟು ಜನಕ್ಕೆ ಅಂತ ಅವಳಿಗೆ ಅಂದಾಜಿಲ್ಲ.

ಆಫೀಸಿನ ಸರ್ದಾರ್‌ಜಿ ದಪ್ಪ ರಿಜಿಸ್ಟರ್ ತೆಗೆದರು. ಆ ಭಾನುವಾರ ಬೇರೆ ಎರಡು ಮನೆಯವರೂ ಇದ್ದಾರೆ, ಒಟ್ಟಿಗೆ ಮಾಡಿಕೊಳ್ಳಿ ಅಂದರು. ಯಾರ ಹೆಸರು ಬರೆಯಲಿ ಅಂತ ಕೇಳಿದರು. ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ, ನಾಳೆ ಹೇಳುತ್ತೇನೆ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ 'ಬೀದರ್ ವಾಲೇ' ಅಂತ ಬರೆದುಕೊಂಡರು.

'ಈರುಳ್ಳಿ ನೀವು ತರ್ತೀರೋ, ನಾವು ತರಿಸಬೇಕೋ?'